ಕೋಲಾರದ ಹೆಣ್ಣುಮಕ್ಕಳ ವ್ಯಾಪಾರದ ಮಾತು: ಮೊಬೈಲಿನಲ್ಲೇ ಪಾಡ್‌ಕಾಸ್ಟ್ ಶುರು ಮಾಡುವುದು ಹೇಗೆ

ಮಾಲೂರಿನಲ್ಲಿ ಬ್ಲೌಸ್ ಹೊಲಿಯುವ ಒಬ್ಬರಿಗೆ ಲೈನಿಂಗ್ ಬಟ್ಟೆ ಯಾವ ಅಂಗಡಿಯಲ್ಲಿ ಸಗಟು ದರಕ್ಕೆ ಸಿಗುತ್ತದೆ ಎಂದು ಗೊತ್ತಿರುತ್ತದೆ. ಮುಳಬಾಗಿಲಿನಲ್ಲಿ ಅದೇ ಕೆಲಸ ಮಾಡುವವರಿಗೆ ಅದು ಗೊತ್ತಿರುವುದಿಲ್ಲ. ಆದರೆ ಮದುವೆ ಸೀಸನ್‌ನಲ್ಲಿ ಮುಂಗಡ ಇಲ್ಲದೆ ಬಟ್ಟೆಗೆ ಕತ್ತರಿ ಹಾಕಬಾರದು ಅನ್ನುವುದನ್ನು ಅವರು ಚೆನ್ನಾಗಿ ಕಲಿತಿರುತ್ತಾರೆ. ಒಂದೇ ಜಿಲ್ಲೆ, ಒಂದೇ ಕಸುಬು. ಆದರೂ ಇಬ್ಬರು ಒಮ್ಮೆಯೂ ಕೂತು ಮಾತಾಡಿರುವುದಿಲ್ಲ. ಗಂಡಸರಿಗೆ ಮಂಡಿ ಇದೆ, ಟೀ ಅಂಗಡಿ ಇದೆ, ಅರಳಿಕಟ್ಟೆ ಇದೆ. ವ್ಯಾಪಾರದ ಸುದ್ದಿ ಅಲ್ಲೇ ಓಡಾಡುತ್ತದೆ. ಮನೆಯಿಂದಲೇ ದುಡಿಯುವ ಹೆಂಗಸಿಗೆ ಅಂಥ ಜಾಗ ಕಡಿಮೆ. ಸಂಘದ ಸಭೆಯಲ್ಲಿ ಸಾಲದ ಕಂತಿನ ಮಾತು ಮುಗಿಯುವಷ್ಟರಲ್ಲಿ ಅಡುಗೆ ಹೊತ್ತಾಗಿರುತ್ತದೆ.

ಆ ಜಾಗವನ್ನು ಪಾಡ್‌ಕಾಸ್ಟ್ ಕೊಡಬಲ್ಲದು. ಪಾಡ್‌ಕಾಸ್ಟ್ ಅಂದರೆ ಮತ್ತೇನಿಲ್ಲ, ಬೇಕಾದಾಗ ಹಾಕಿಕೊಂಡು ಕೇಳುವ ರೇಡಿಯೊ ಕಾರ್ಯಕ್ರಮ. ವಿಡಿಯೊ ನೋಡಲು ಕೆಲಸ ಬಿಟ್ಟು ಕೂರಬೇಕು. ಮಾತು ಕೇಳಲು ಕೂರಬೇಕಿಲ್ಲ. ಹೊಲಿಯುತ್ತಾ, ಊದುಬತ್ತಿ ಹೊಸೆಯುತ್ತಾ, ಹುಣಸೆಹಣ್ಣಿನ ಬೀಜ ತೆಗೆಯುತ್ತಾ, ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೇಳಬಹುದು. ಕೈಗೆ ಬಿಡುವಿಲ್ಲದವರಿಗೂ ಕಿವಿಗೆ ಬಿಡುವು ಇದ್ದೇ ಇರುತ್ತದೆ, ಅಲ್ವಾ?

ಕೋಲಾರಕ್ಕೆ ಇದು ತೀರಾ ಹೊಸದೂ ಅಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 2000ದ ದಶಕದ ಶುರುವಿನಲ್ಲೇ ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ ಊರಿನವರೇ ಕಾರ್ಯಕ್ರಮ ರೆಕಾರ್ಡ್ ಮಾಡುತ್ತಿದ್ದರು. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು, ಯುನೆಸ್ಕೊ ಜೊತೆಗಿದ್ದವು. ಆಗ ಊರಿನ ಸಂಘಸಂಸ್ಥೆಗಳಿಗೆ ರೇಡಿಯೊ ಲೈಸೆನ್ಸ್ ಸಿಗುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 2006ರಲ್ಲಿ. ಹಾಗಾಗಿ ಕೇಬಲ್ ಟಿವಿಯ ತಂತಿಯಲ್ಲೇ ದನಿಯನ್ನು ಮನೆಗಳಿಗೆ ಕಳಿಸಿದರು. ಸ್ವಸಹಾಯ ಸಂಘದ ಹೆಂಗಸರು ಅದರಲ್ಲಿ ಕೈಜೋಡಿಸಿದ್ದರು. ಇವತ್ತು ತಂತಿಯೂ ಬೇಡ, ಲೈಸೆನ್ಸೂ ಬೇಡ. ಕೈಯಲ್ಲಿರುವ ಮೊಬೈಲ್ ಸಾಕು.

ಹೇಗೆ ಮಾಡುವುದು ಎಂದು ಒಂದೊಂದಾಗಿ ಹೇಳುತ್ತೇನೆ. ಅದಕ್ಕೂ ಮೊದಲು ನನಗೆ ಬಹಳ ಮುಖ್ಯ ಅನಿಸಿದ ಒಂದು ಮಾತು.

ಹೆಣ್ಣುಮಕ್ಕಳ ವ್ಯಾಪಾರದ ಬಗ್ಗೆ ಬರುವ ಸಂದರ್ಶನಗಳನ್ನು ನೀವು ಕೇಳಿರುತ್ತೀರಿ. ಬಡತನ, ಕಣ್ಣೀರು, ಛಲ, ಗೆಲುವು. ಕೊನೆಗೆ ಚಪ್ಪಾಳೆ. ಕೇಳಿದವರಿಗೆ ಹೆಮ್ಮೆಯಾಗುತ್ತದೆ, ನಿಜ. ಆದರೆ ಮಾರನೇ ದಿನ ತಮ್ಮ ಅಂಗಡಿ ಬಾಗಿಲು ತೆಗೆಯುವಾಗ ಅವರಿಗೆ ಉಪಯೋಗಕ್ಕೆ ಬರುವಂಥದ್ದು ಒಂದೂ ಸಿಕ್ಕಿರುವುದಿಲ್ಲ. ಯಾವ ಕವರ್ ತಂದಿರಿ, ಅಂಗಡಿಯವರು ಎಷ್ಟು ಕಮಿಷನ್ ಕೇಳಿದರು, ಬಾಕಿ ಹೇಗೆ ವಸೂಲು ಮಾಡಿದಿರಿ ಎಂದು ಯಾರೂ ಕೇಳಿರುವುದಿಲ್ಲ. ವ್ಯಾಪಾರ ಮಾಡುವ ಗಂಡಸಿಗೆ ಲೆಕ್ಕ ಕೇಳುತ್ತಾರೆ, ಹೆಂಗಸಿಗೆ ಕಷ್ಟ ಕೇಳುತ್ತಾರೆ. ನಿಮ್ಮ ಪಾಡ್‌ಕಾಸ್ಟ್ ಲೆಕ್ಕ ಕೇಳಲಿ. ಮುಂದೆ ಹೇಳುವ ಎಲ್ಲ ಹಂತಗಳೂ ಇದರ ಸುತ್ತಲೇ ಇವೆ.

ಯಾರಿಗಾಗಿ ಮಾಡುತ್ತೀರಿ ಎಂದು ಮೊದಲು ತೀರ್ಮಾನಿಸಿ

ಹೆಸರು, ಲೋಗೊ, ಮೈಕ್ ಎಲ್ಲ ಆಮೇಲೆ. ಕೇಳುವವರು ಯಾರು ಅನ್ನುವುದು ಮೊದಲು. ‘ಎಲ್ಲ ಮಹಿಳೆಯರಿಗೆ’ ಅಂದರೆ ಯಾರಿಗೂ ಸರಿಹೊಂದುವುದಿಲ್ಲ. ಒಂದು ಕಸುಬು ಆರಿಸಿಕೊಳ್ಳಿ, ಇಲ್ಲವೇ ಒಂದು ತಾಲ್ಲೂಕು. ಮುಳಬಾಗಿಲಿನಲ್ಲಿ ದೋಸೆ, ಬಂಗಾರಪೇಟೆಯಲ್ಲಿ ಪಾನಿಪುರಿ ಇದೆ. ಹಾಗಾಗಿ ತಿಂಡಿ ಗಾಡಿ, ಮೆಸ್, ಸಣ್ಣ ಹೋಟೆಲ್ ನಡೆಸುವವರಿಗೇ ಒಂದು ಸರಣಿ ಮಾಡಬಹುದು. ಶ್ರೀನಿವಾಸಪುರದ ಕಡೆಯಾದರೆ ಮಾವು: ಉಪ್ಪಿನಕಾಯಿ, ಮಾವಿನ ಹಪ್ಪಳ, ಒಣಗಿಸಿದ ಮಾವಿನಕಾಯಿ. ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು, ರೇಷ್ಮೆ ಹುಳ ಮೇಯಿಸುವವರು, ಟೈಲರಿಂಗ್, ಬ್ಯೂಟಿ ಪಾರ್ಲರ್, ಹೂ ಕಟ್ಟುವವರು, ಇವರಲ್ಲಿ ಪ್ರತಿಯೊಬ್ಬರ ಪ್ರಶ್ನೆಯೂ ಬೇರೆ. ಮೊದಲ ಆರು ಎಪಿಸೋಡ್ ಒಂದೇ ಕಸುಬಿನ ಮೇಲೆ ಇರಲಿ. ಕೇಳಿದವರು ‘ಇದು ನಮ್ಮದು’ ಅನ್ನಬೇಕು.

ಒಂದು ಎಪಿಸೋಡ್ 12ರಿಂದ 15 ನಿಮಿಷ ಸಾಕು. ಅರ್ಧ ಗಂಟೆ ಮಾಡಬಹುದು, ಆದರೆ ಅಷ್ಟು ಹೊತ್ತು ಹಿಡಿದಿಡುವ ಮಾತು ಪ್ರತಿ ಸಲ ಸಿಗುವುದಿಲ್ಲ. ವಾರಕ್ಕೊಂದು ಎಂದು ಮಾತು ಕೊಡಬೇಡಿ. ಹದಿನೈದು ದಿನಕ್ಕೊಂದು ಮಾಡಿ. ನಾಲ್ಕು ಎಪಿಸೋಡ್ ರೆಕಾರ್ಡ್ ಆಗಿ ಕೈಯಲ್ಲಿದ್ದ ಮೇಲೆ ಮೊದಲನೆಯದನ್ನು ಬಿಡಿ. ಯುಗಾದಿ, ವರಮಹಾಲಕ್ಷ್ಮಿ, ಮಾವಿನ ಸುಗ್ಗಿ ಬಂದಾಗ ನಿಮಗೂ ಬಿಡುವಿರುವುದಿಲ್ಲ, ಮಾತಾಡುವವರಿಗೂ ಇರುವುದಿಲ್ಲ. ಆ ನಾಲ್ಕು ಆಗ ಕೈ ಹಿಡಿಯುತ್ತವೆ.

ನಡೆಸಿಕೊಡುವವರು ಯಾರಾಗಬೇಕು? ನನ್ನ ಅಭಿಪ್ರಾಯದಲ್ಲಿ ಒಳ್ಳೆ ದನಿಗಿಂತ ಒಂದು ಅಂಗಡಿಯನ್ನಾದರೂ ನಡೆಸಿದ ಅನುಭವ ಜಾಸ್ತಿ ಮುಖ್ಯ. ವ್ಯಾಪಾರ ಗೊತ್ತಿದ್ದವರು ‘ಅಷ್ಟಕ್ಕೆ ಕೊಟ್ಟರೆ ನಿಮಗೇನು ಉಳೀತು?’ ಎಂದು ತಕ್ಷಣ ಕೇಳುತ್ತಾರೆ. ಗೊತ್ತಿಲ್ಲದವರು ‘ವಾವ್, ಸೂಪರ್’ ಎಂದು ಮುಂದೆ ಹೋಗುತ್ತಾರೆ. ಮೊಬೈಲ್ ಕೆಲಸಕ್ಕೆ ಕಾಲೇಜಿಗೆ ಹೋಗುವ ಮಗಳೋ ಸೊಸೆಯೋ ಜೊತೆಗಿದ್ದರೆ ಸಾಕು.

ಮಾತಾಡುವವರನ್ನು ಹುಡುಕುವುದು

ಪ್ರಶಸ್ತಿ ಬಂದವರನ್ನು ಹುಡುಕಿಕೊಂಡು ಹೋಗಬೇಡಿ. ಅವರನ್ನು ಎಲ್ಲರೂ ಕೇಳಿ ಆಗಿರುತ್ತದೆ. ಹತ್ತು ವರ್ಷದಿಂದ ಸುಮ್ನೆ ತಮ್ಮ ಪಾಡಿಗೆ ವ್ಯಾಪಾರ ಮಾಡಿಕೊಂಡು, ಮಕ್ಕಳನ್ನು ಓದಿಸಿ, ಸಾಲ ತೀರಿಸಿದವರು ಬೇಕು. ಅಂಥವರು ಸಿಗುವ ಜಾಗ ನಿಮಗೆ ಗೊತ್ತೇ ಇದೆ. ವಾರದ ಸಂತೆ, ಡೇರಿಗೆ ಹಾಲು ಹಾಕುವ ಹೊತ್ತು, ಸ್ತ್ರೀಶಕ್ತಿ ಸಂಘದ ಸಭೆ. ಸಂಜೀವಿನಿ ಯೋಜನೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಮಹಿಳಾ ಒಕ್ಕೂಟ ಇರುತ್ತದೆ. ಅಲ್ಲಿ ಲೆಕ್ಕ ಬರೆಯುವ ಎಂಬಿಕೆ ಅವರನ್ನು ಮಾತಾಡಿಸಿ. ಯಾರ ಸಂಘ ಏನು ಮಾಡುತ್ತಿದೆ, ಯಾರು ಸಾಲ ತಗೊಂಡು ಮೆಷಿನ್ ಹಾಕಿದರು, ಯಾರದು ಅರ್ಧಕ್ಕೆ ನಿಂತಿತು, ಎಲ್ಲ ಅವರಿಗೆ ಗೊತ್ತಿರುತ್ತದೆ. ಅರ್ಧಕ್ಕೆ ನಿಂತವರನ್ನೂ ಕರೆಯಿರಿ. ಅಂಗಡಿ ಮುಚ್ಚಿದವರ ಒಂದು ಎಪಿಸೋಡಿನಲ್ಲಿ ಗೆದ್ದವರ ಐದು ಎಪಿಸೋಡಿನಷ್ಟು ಪಾಠ ಇರುತ್ತದೆ.

ಮೊದಲ ಭೇಟಿಯಲ್ಲಿ ರೆಕಾರ್ಡ್ ಮಾಡಬೇಡಿ. ಹೋಗಿ, ಕೂತು, ಕೆಲಸ ನೋಡಿ. ಆಗುವುದಾದರೆ ಅವರ ಜೊತೆ ಕೈ ಹಾಕಿ. ‘ಅಕ್ಕ, ನೀವು ಹೇಳೋದನ್ನ ನಮ್ಮ ಥರ ಕೆಲಸ ಮಾಡೋ ಬೇರೆ ಹೆಂಗಸರು ಕೇಳ್ತಾರೆ’ ಎಂದು ಬಿಡಿಸಿ ಹೇಳಿ. ಯಾವುದನ್ನು ಹೇಳಲು ಇಷ್ಟವಿಲ್ಲ ಎಂದು ಮೊದಲೇ ಕೇಳಿ. ಸಾಮಾನ್ಯವಾಗಿ ಮೂರು ವಿಷಯ ಬರುತ್ತವೆ: ಎಷ್ಟು ಸಾಲ ಇದೆ, ಮನೆಯವರು ಏನಂದರು, ಮಾಲು ಎಲ್ಲಿಂದ ತರುತ್ತಾರೆ. ಮೂರನ್ನೂ ಗೌರವಿಸಿ. ಅದರಲ್ಲೂ ಮಾಲು ಎಲ್ಲಿಂದ ಬರುತ್ತದೆ ಅನ್ನುವುದು ಅವರ ಬಂಡವಾಳ. ಬೇಡ ಅಂದರೆ ಬಿಟ್ಟುಬಿಡಿ, ಒತ್ತಾಯ ಬೇಡ.

ಒಪ್ಪಿಗೆಯನ್ನು ಎರಡು ಸಲ ತೆಗೆದುಕೊಳ್ಳಿ. ರೆಕಾರ್ಡಿಂಗ್ ಶುರುವಿನಲ್ಲಿ ಅವರ ದನಿಯಲ್ಲೇ ಒಂದು ಸಲ. ಎಡಿಟ್ ಆದ ಮೇಲೆ ಪೂರ್ತಿ ಕೇಳಿಸಿ ಇನ್ನೊಂದು ಸಲ. ಎರಡನೆಯದೇ ನಿಜವಾದ ಒಪ್ಪಿಗೆ. ಮಾತಿನ ಭರದಲ್ಲಿ ಹೇಳಿದ್ದನ್ನು ತಣ್ಣಗೆ ಕೇಳಿದಾಗ ‘ಅದೊಂದು ತೆಗೆದುಬಿಡಿ’ ಅನಿಸುವುದು ಸಹಜ. ತೆಗೆದುಬಿಡಿ.

ಸಾಲದ ಮಾತು ಬಂದಾಗ ಇನ್ನೂ ಎಚ್ಚರ ಬೇಕು. ನಮ್ಮ ಕಡೆ ಮೈಕ್ರೊಫೈನಾನ್ಸ್ ಕಂತಿನ ಒತ್ತಡ ಎಷ್ಟಿದೆ ಎಂದು ಹೇಳಬೇಕಿಲ್ಲ. ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಡುವುದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿತು. ಆದರೂ ತನ್ನ ಹೆಸರು, ಊರು ಹೇಳಿ ಒಬ್ಬಾಕೆ ಆ ಕಥೆ ಹೇಳಿದರೆ ಮಾರನೇ ದಿನ ಅವರ ಮನೆ ಮುಂದೆ ಯಾರು ಬಂದು ನಿಲ್ಲುತ್ತಾರೆ ಎಂದು ನಾವು ಯೋಚಿಸಬೇಕು. ಅಂಥ ಎಪಿಸೋಡಿನಲ್ಲಿ ಹೆಸರು, ಊರು, ಸಂಸ್ಥೆ ಯಾವುದೂ ಬೇಡ. ಅವರ ಮಾತನ್ನು ನೀವೇ ನಿಮ್ಮ ದನಿಯಲ್ಲಿ ಹೇಳಬಹುದು.

ಏನು ಕೇಳಬೇಕು

ಪಾಡ್‌ಕಾಸ್ಟಿನ ಜೀವ ಇರುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲ ಪ್ರಶ್ನೆ ‘ನಿಮ್ಮ ಪರಿಚಯ ಮಾಡಿಕೊಳ್ಳಿ’ ಆಗಬಾರದು. ಅದನ್ನು ಕೇಳಿದ ಕೂಡಲೇ ಎದುರಿಗಿರುವವರು ಬೆನ್ನು ನೆಟ್ಟಗೆ ಮಾಡಿ, ಭಾಷಣದ ಕನ್ನಡಕ್ಕೆ ಹೋಗಿಬಿಡುತ್ತಾರೆ. ಪರಿಚಯ ನೀವೇ ಹೇಳಿ. ಅವರಿಗೆ ಕೇಳುವ ಮೊದಲ ಪ್ರಶ್ನೆ ಇವತ್ತಿನ ಕೆಲಸದ ಬಗ್ಗೆ ಇರಲಿ. ‘ಅಕ್ಕ, ಇವತ್ತು ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದು ಏನೇನು ಮಾಡಿದ್ರಿ?’ ಇದಕ್ಕೆ ಯಾರೂ ಭಾಷಣ ಮಾಡುವುದಿಲ್ಲ.

ಆಮೇಲೆ ಒಂದೇ ಒಂದು ವಸ್ತುವಿನ ಲೆಕ್ಕ ಹಾಕಿ. ಇಡೀ ವ್ಯಾಪಾರದ ಲೆಕ್ಕ ಬೇಡ. ಅದು ಅವರಿಗೂ ಮುಜುಗರ, ಕೇಳುವವರಿಗೂ ತಲೆನೋವು. ಒಂದು ಕೆಜಿ ಚಟ್ನಿಪುಡಿ, ಒಂದು ಬ್ಲೌಸ್, ಒಂದು ದಿನದ ಹಾಲು ಸಾಕು. ಲೆಕ್ಕ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ತೋರಿಸಲು ಉದಾಹರಣೆಗೆ ಕೆಲವು ಅಂಕಿ ಹಾಕುತ್ತೇನೆ. ಒಂದು ಕೆಜಿ ಚಟ್ನಿಪುಡಿಗೆ ಕಡಲೆ, ಕೊಬ್ಬರಿ, ಒಣಮೆಣಸಿನಕಾಯಿ ಎಲ್ಲ ಸೇರಿ 240 ರೂಪಾಯಿ ಎಂದುಕೊಳ್ಳಿ. ಗ್ಯಾಸ್ 20, ಕವರ್ ಮತ್ತು ಲೇಬಲ್ 15, ಆಟೊ 15. ಒಟ್ಟು 290. ಮಾರುವುದು 360ಕ್ಕೆ. ಉಳಿಯುವುದು 70. ‘ಪರವಾಗಿಲ್ಲ ಅಕ್ಕ’ ಎಂದು ಇಲ್ಲಿಗೆ ನಿಲ್ಲಿಸಬೇಡಿ. ಇನ್ನೂ ಎರಡು ಪ್ರಶ್ನೆ ಇವೆ. ಹುರಿದು, ಪುಡಿ ಮಾಡಿ, ತುಂಬಲು ಎಷ್ಟು ಹೊತ್ತಾಯಿತು? ಎರಡು ಗಂಟೆ. ಅಲ್ಲಿಗೆ ಗಂಟೆಗೆ 35 ರೂಪಾಯಿ ಕೂಲಿ ಬಿತ್ತು. ಅಂಗಡಿಯಲ್ಲಿಟ್ಟರೆ ಅವರಿಗೆ ಎಷ್ಟು? ನೂರಕ್ಕೆ 15 ಅಂದರೆ 360ಕ್ಕೆ 54 ರೂಪಾಯಿ. ಈಗ ಉಳಿದದ್ದು ಬರೀ 16. ಎರಡು ಗಂಟೆ ಕೆಲಸಕ್ಕೆ!

ಈ ಲೆಕ್ಕವನ್ನು ತಮ್ಮ ಬಾಯಿಂದಲೇ ಹೇಳುವಾಗ ಬಹಳ ಜನ ಅರ್ಧದಲ್ಲಿ ಸುಮ್ಮನಾಗುತ್ತಾರೆ. ತಮ್ಮ ಕೂಲಿಯನ್ನು ಅವರು ಯಾವತ್ತೂ ಲೆಕ್ಕಕ್ಕೆ ತಗೊಂಡಿರುವುದಿಲ್ಲ. ಆ ಹೊತ್ತಿಗೆ ಸಮಾಧಾನ ಹೇಳಲು ಹೋಗಬೇಡಿ. ‘ಹಾಗಾದರೆ ಬೆಲೆ ಎಷ್ಟಿಡಬೇಕಿತ್ತು?’ ಎಂದು ಕೇಳಿ. ಉತ್ತರ ಅವರ ಹತ್ತಿರವೇ ಇರುತ್ತದೆ. ಕೇಳುತ್ತಿರುವವರೂ ತಮ್ಮ ಮನೆಯ ಹಪ್ಪಳಕ್ಕೋ ಚಕ್ಕುಲಿಗೋ ಅದೇ ಲೆಕ್ಕ ಹಾಕಲು ಶುರು ಮಾಡಿರುತ್ತಾರೆ. ಇಷ್ಟಾದರೆ ಆ ಎಪಿಸೋಡ್ ಗೆದ್ದಂತೆ.

ಇನ್ನೊಂದು ಒಳ್ಳೆಯ ದಾರಿ, ಎಲ್ಲರಿಗೂ ನೆನಪಿರುವ ಒಂದು ಕೆಟ್ಟ ತಿಂಗಳ ಬಗ್ಗೆ ಕೇಳುವುದು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಮೆಸ್ ನಡೆಸುವವರನ್ನು ಕೇಳಿ: ಆಗ ಸಾರು ಹೇಗೆ ಮಾಡಿದಿರಿ? ಊಟದ ಬೆಲೆ ಏರಿಸಿದಿರಾ? ಗಿರಾಕಿ ಏನಂದರು? ಬೆಲೆ ಇಳಿದ ಮೇಲೆ ಮತ್ತೆ ಇಳಿಸಿದಿರಾ? ಅದೇ ಟೊಮೆಟೊವನ್ನು ರಸ್ತೆಗೆ ಸುರಿಯುವ ದಿನಗಳೂ ಇಲ್ಲಿ ಬರುತ್ತವೆ. ಆಗ ಯಾರಾದರೂ ತೊಕ್ಕು ಮಾಡಿ ಇಟ್ಟಿರಾ, ಎಷ್ಟು ದಿನ ಬಂತು, ಕೆಟ್ಟಿತಾ? ಇಂಥ ಪ್ರಶ್ನೆಗೆ ಬರುವ ಉತ್ತರದಲ್ಲಿ ವ್ಯಾಪಾರದ ಬುದ್ಧಿ ತಾನಾಗಿ ಕಾಣಿಸುತ್ತದೆ. ‘ನೀವು ಸವಾಲುಗಳನ್ನು ಹೇಗೆ ಎದುರಿಸಿದಿರಿ’ ಎಂದು ಕೇಳಿದರೆ ಕಾಣಿಸುವುದಿಲ್ಲ.

ಬಾಕಿ ವಸೂಲಿ ಬಗ್ಗೆ ಒಂದು ಪ್ರಶ್ನೆ ಪ್ರತಿ ಎಪಿಸೋಡಿನಲ್ಲೂ ಇರಲಿ. ನೆಂಟರು, ಪಕ್ಕದ ಮನೆಯವರು, ‘ಆಮೇಲೆ ಕೊಡ್ತೀನಿ’ ಎಂದು ಬ್ಲೌಸ್ ತಗೊಂಡು ಹೋದವರು. ಹೆಂಗಸರ ಸಣ್ಣ ವ್ಯಾಪಾರ ಮುಳುಗುವುದು ಹೆಚ್ಚಾಗಿ ಇಲ್ಲೇ. ಸಂಬಂಧ ಕೆಡದ ಹಾಗೆ ದುಡ್ಡು ಕೇಳುವ ಮಾತು ಯಾವುದು ಎಂದು ಕೇಳಿ. ‘ನಾಳೆ ಬಟ್ಟೆ ತರೋಕೆ ಬೆಂಗಳೂರಿಗೆ ಹೋಗ್ತಾ ಇದ್ದೀನಿ, ಅಷ್ಟರಲ್ಲಿ ಕೊಟ್ಟರೆ ಅನುಕೂಲ’ ಎಂಬಂಥ ಒಂದು ವಾಕ್ಯ ಸಿಕ್ಕರೂ ಕೇಳಿದವರು ಅದನ್ನು ಅಂದೇ ಬಳಸುತ್ತಾರೆ.

ಮಗು ಯಾರು ನೋಡಿಕೊಳ್ಳುತ್ತಾರೆ, ಗಂಡ ಒಪ್ಪಿದರಾ ಎಂಬ ಪ್ರಶ್ನೆಗಳನ್ನು ನೀವಾಗಿ ಎತ್ತಬೇಡಿ. ಅವರೇ ಎತ್ತಿದರೆ ಕೇಳಿಸಿಕೊಳ್ಳಿ.

ಭಾಷೆ

ಕೋಲಾರದ ಮಾತು ಹೇಗಿದೆಯೋ ಹಾಗೇ ಇರಲಿ. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಕೆಜಿಎಫ್‌ನಲ್ಲಿ ತಮಿಳು ಬರುತ್ತದೆ, ಎಷ್ಟೋ ಮನೆಗಳಲ್ಲಿ ಉರ್ದು. ‘ಸರಿಯಾದ ಕನ್ನಡದಲ್ಲಿ ಹೇಳಿ’ ಎಂದು ತಿದ್ದಿದರೆ ಅವರ ಬಾಯಿ ಕಟ್ಟಿಹೋಗುತ್ತದೆ. ತೆಲುಗಿನಲ್ಲಿ ಹೇಳಿದ್ದರ ಸಾರವನ್ನು ನೀವು ಮುಂದಿನ ಪ್ರಶ್ನೆಯಲ್ಲೇ ಕನ್ನಡದಲ್ಲಿ ಸೇರಿಸಿ ಕೇಳಿದರೆ ಆಯಿತು.

ರೆಕಾರ್ಡ್ ಮಾಡುವುದು

ಮೊಬೈಲಿನಲ್ಲಿ ಬರುವ ಸಾಮಾನ್ಯ ರೆಕಾರ್ಡರ್ ಆಪ್ ಸಾಕು. ವಾಟ್ಸಾಪ್ ವಾಯ್ಸ್ ನೋಟಿನಲ್ಲಿ ರೆಕಾರ್ಡ್ ಮಾಡಬೇಡಿ, ಅದು ದನಿಯನ್ನು ತುಂಬಾ ಕುಗ್ಗಿಸಿಬಿಡುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಒಳ್ಳೆ ಮಾತಿನ ನಡುವೆ ಫೋನ್ ಬಂದು ರೆಕಾರ್ಡಿಂಗ್ ನಿಂತುಹೋಗಬಹುದು. ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರವಾಗಿ ಬಾಯಿಗೆ ಹಿಡಿದರೆ ‘ಪ’, ‘ಬ’ ಬಂದಾಗೆಲ್ಲ ಉಸಿರು ಬಡಿಯುತ್ತದೆ. ಅರ್ಧ ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ, ಸರಿ ಇದ್ದರೆ ಮುಂದುವರಿಯಿರಿ. ಈ ಅರ್ಧ ನಿಮಿಷವನ್ನು ಯಾವತ್ತೂ ಬಿಡಬೇಡಿ.

ಜಾಗ ಮೈಕಿಗಿಂತ ಮುಖ್ಯ. ಖಾಲಿ ಹಾಲ್, ಟೈಲ್ಸ್ ನೆಲ, ಬರಿ ಗೋಡೆ ಇದ್ದರೆ ದನಿ ಗುಂಯ್‌ಗುಡುತ್ತದೆ. ಬಟ್ಟೆ, ಹಾಸಿಗೆ, ಮೂಟೆ ತುಂಬಿದ ಸಣ್ಣ ಕೋಣೆ ಒಳ್ಳೆಯದು. ಟೈಲರಿಂಗ್ ಅಂಗಡಿಯ ಒಳಕೋಣೆಗಿಂತ ಒಳ್ಳೆ ಸ್ಟುಡಿಯೊ ನಾನು ಕಂಡಿಲ್ಲ. ಫ್ಯಾನ್, ಫ್ರಿಜ್, ಮಿಕ್ಸಿ ನಿಲ್ಲಿಸಿ. ಫ್ರಿಜ್ ಮತ್ತೆ ಹಾಕಲು ಮರೆಯಬೇಡಿ, ಅವರ ಮಾಲು ಅದರಲ್ಲೇ ಇರುತ್ತದೆ. ಗಾಜಿನ ಬಳೆ ತುಂಬಾ ಸದ್ದು ಮಾಡುತ್ತದೆ. ಬಳೆ ತೆಗೆಯಿರಿ ಎಂದು ಹೇಳುವುದು ಎಷ್ಟೋ ಜನಕ್ಕೆ ಸರಿ ಬರುವುದಿಲ್ಲ. ಮಡಿಲಲ್ಲಿ ಒಂದು ದಿಂಬು ಕೊಟ್ಟು ಕೈ ಅದರ ಮೇಲಿಡಲು ಹೇಳಿ, ಸದ್ದು ತಾನಾಗಿ ಕಡಿಮೆಯಾಗುತ್ತದೆ.

ಸ್ವಲ್ಪ ದುಡ್ಡು ಹಾಕುವುದಾದರೆ ಮೊಬೈಲಿಗೆ ಸಿಕ್ಕಿಸುವ ಕಾಲರ್ ಮೈಕ್ ತಗೊಳ್ಳಿ. ಕೊಳ್ಳುವಾಗ ನಿಮ್ಮ ಫೋನಿನ ಪಿನ್ ಯಾವುದು ಎಂದು ನೋಡಿಕೊಳ್ಳಿ. ಅದನ್ನು ಸೆರಗಿಗೆ ಸಿಕ್ಕಿಸಿದರೆ ಸೀರೆ ಉಜ್ಜಿ ಸರಸರ ಅನ್ನುತ್ತದೆ, ಸರ ತಗುಲಿ ಟಿಕ್‌ಟಿಕ್ ಅನ್ನುತ್ತದೆ. ಸರವನ್ನು ಸೆರಗಿನ ಒಳಗೆ ಹಾಕಿಕೊಳ್ಳಲು ಹೇಳಿ, ಮೈಕನ್ನು ಬ್ಲೌಸಿನ ಅಂಚಿಗೆ ಸಿಕ್ಕಿಸಿ.

ಮಾತು ಮುಗಿದ ಮೇಲೆ ಒಂದು ನಿಮಿಷ ಅವರ ಕೆಲಸದ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ. ಕಾವಲಿ ಮೇಲೆ ಹಿಟ್ಟು ಬೀಳುವ ಸದ್ದು, ಹೊಲಿಗೆ ಮೆಷಿನ್, ಮಂಡಿಯ ಹರಾಜಿನ ಕೂಗು. ನಾಲ್ಕನೇ ಜ್ವರದಿಂದ (ಅಂದರೆ ಪೊರೆ ಬಿಡುವ ಹಂತದಿಂದ) ಎದ್ದ ರೇಷ್ಮೆ ಹುಳ ಸೊಪ್ಪು ತಿನ್ನುವ ಸದ್ದು ಸೋನೆ ಮಳೆ ಹಿಡಿದ ಹಾಗೆ ಕೇಳುತ್ತದೆ. ಅದನ್ನು ಶುರುವಿನಲ್ಲಿ ಐದು ಸೆಕೆಂಡ್ ಹಾಕಿದರೆ ರೇಷ್ಮೆ ಮನೆಯವರಿಗೆ ಬೇರೆ ಪರಿಚಯವೇ ಬೇಡ. ಹುಳದ ಮನೆಗೆ ಹೋಗುವ ಮುಂಚೆ ಮಾತ್ರ ಅವರನ್ನು ಕೇಳಿ, ಕೈಕಾಲು ತೊಳೆದು ಹೋಗಿ. ಹೊರಗಿನ ಸೋಂಕಿಗೆ ಬೆಳೆಯೇ ಹೋಗಬಹುದು.

ದೂರದವರ ಜೊತೆ ಮಾತಾಡಬೇಕಾದರೆ ಫೋನ್ ಕರೆಯನ್ನು ರೆಕಾರ್ಡ್ ಮಾಡುವ ಬದಲು ಇದನ್ನು ಮಾಡಿ ನೋಡಿ. ಒಂದು ಫೋನಿನಲ್ಲಿ ಮಾತಾಡುತ್ತಿರಿ. ಇಬ್ಬರೂ ಮನೆಯಲ್ಲಿರುವ ಇನ್ನೊಂದು ಫೋನಿನಲ್ಲಿ ತಮ್ಮ ತಮ್ಮ ದನಿ ರೆಕಾರ್ಡ್ ಮಾಡಿಕೊಳ್ಳಿ. ಶುರುವಿನಲ್ಲಿ ಒಟ್ಟಿಗೆ ಒಂದು ಚಪ್ಪಾಳೆ ಹೊಡೆಯಿರಿ, ಎರಡೂ ಫೈಲನ್ನು ಹೊಂದಿಸಲು ಗುರುತು ಸಿಗುತ್ತದೆ. ಅವರು ತಮ್ಮ ಫೈಲನ್ನು ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲಿ, ಆಗ ದನಿ ಕೆಡುವುದಿಲ್ಲ.

ಕತ್ತರಿ ಕೆಲಸ

ಕಂಪ್ಯೂಟರ್ ಇದ್ದರೆ ಅಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮೊಬೈಲಿನಲ್ಲೇ ಮಾಡುವುದಾದರೆ ಲೆಕ್ಸಿಸ್ ಆಡಿಯೊ ಎಡಿಟರ್‌ನಂಥ ಆಪ್ ಸಾಕು. ಮಾಡಬೇಕಾದ್ದು ಕಡಿಮೆ. ಎರಡು ಸಲ ಹೇಳಿದ್ದು, ದಾರಿ ತಪ್ಪಿದ ಮಾತು, ಮಧ್ಯೆ ಬಂದ ಪಕ್ಕದ ಮನೆಯವರ ಮಾತು ತೆಗೆಯಿರಿ. ಲೆಕ್ಕ ಹಾಕುವಾಗ ಅವರು ನಿಲ್ಲಿಸಿ ಯೋಚಿಸಿದ ಮೌನವನ್ನು ಮಾತ್ರ ತೆಗೆಯಬೇಡಿ. ಮೂಲ ರೆಕಾರ್ಡಿಂಗಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡೇ ಕತ್ತರಿ ಹಾಕಿ.

ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ಹಕ್ಕು ಬೇರೆಯವರದು, ಯೂಟ್ಯೂಬಿನಲ್ಲಿ ತಕ್ಷಣ ಸಿಕ್ಕಿಬೀಳುತ್ತೀರಿ. ನಿಮ್ಮ ಸಂಘದವರೇ ಹಾಡಿದ ಒಂದು ಸೋಬಾನೆ ಪದದ ಎರಡು ಸಾಲು ರೆಕಾರ್ಡ್ ಮಾಡಿಕೊಳ್ಳಿ. ಹಳೆಯ ಜನಪದ ಹಾಡು ಎಲ್ಲರದು, ಆದರೆ ಕಂಪನಿ ಮಾಡಿದ ಅದರ ರೆಕಾರ್ಡಿಂಗ್ ಎಲ್ಲರದಲ್ಲ. ಮಾತಿನ ಕೆಳಗೆ ಸಂಗೀತ ಓಡಿಸುವುದೂ ಬೇಡ. ಕೇಳುವವರಲ್ಲಿ ಬಹಳ ಜನ ಇಯರ್‌ಫೋನ್ ಇಲ್ಲದೆ, ಫೋನನ್ನು ಮೆಷಿನ್ ಪಕ್ಕ ಇಟ್ಟುಕೊಂಡು ಕೇಳುತ್ತಾರೆ. ಮಾತು ಸ್ಪಷ್ಟವಾಗಿ, ಜೋರಾಗಿ ಕೇಳಬೇಕು. ಅಡಾಸಿಟಿಯಲ್ಲಿ ಲೌಡ್‌ನೆಸ್ ಹೊಂದಿಸುವ ಆಯ್ಕೆ ಇದೆ. ಪಾಡ್‌ಕಾಸ್ಟಿಗೆ -16 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರು ಎಂದು ಅಳೆಯುವ ಮಾನ) ಸುತ್ತಮುತ್ತ ಇಡುವುದು ರೂಢಿ.

ಫೈಲನ್ನು ಎಂಪಿ3, ಮೊನೊ, 64 ಕೆಬಿಪಿಎಸ್ ಆಗಿ ಉಳಿಸಿ. 15 ನಿಮಿಷದ ಮಾತು ಸುಮಾರು 7 ಎಂಬಿ ಆಗುತ್ತದೆ. ಡೇಟಾ ಲೆಕ್ಕ ಹಾಕಿ ಬಳಸುವವರಿಗೂ ಇದು ಹೊರೆಯಲ್ಲ.

ಹೊರಗೆ ಬಿಡುವುದು

ಎಪಿಸೋಡ್ ಇಡಲು ಒಂದು ಜಾಗ ಬೇಕು. ಸ್ಪಾಟಿಫೈ ಫಾರ್ ಕ್ರಿಯೇಟರ್ಸ್‌ನಲ್ಲಿ ಖಾತೆ ತೆರೆದರೆ ಉಚಿತ. ಅಲ್ಲಿಂದ ಒಂದು ಫೀಡ್ ವಿಳಾಸ, ಅಂದರೆ ನಿಮ್ಮ ಎಪಿಸೋಡುಗಳ ಪಟ್ಟಿಯ ಲಿಂಕ್ ಸಿಗುತ್ತದೆ. ಅದನ್ನು ಆಪಲ್ ಪಾಡ್‌ಕಾಸ್ಟ್ಸ್‌ಗೆ ಕೊಟ್ಟರೆ ಹೊಸ ಎಪಿಸೋಡ್ ಅಲ್ಲೂ ತಾನಾಗಿ ಬರುತ್ತದೆ. ಚೌಕಾಕಾರದ ಒಂದು ಚಿತ್ರ ಬೇಕು, ಕನಿಷ್ಠ 1400 ಪಿಕ್ಸೆಲ್, ಗರಿಷ್ಠ 3000. ಹೆಸರನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಿರಿ, ಫೋನಿನಲ್ಲಿ ಅದು ಹೆಬ್ಬೆರಳಿನಷ್ಟೇ ಕಾಣುತ್ತದೆ. ಯೂಟ್ಯೂಬಿನಲ್ಲೂ ಹಾಕಿ. ನಮ್ಮ ಕಡೆ ಪಾಡ್‌ಕಾಸ್ಟ್ ಆಪ್ ಇಲ್ಲದ ಫೋನಿನಲ್ಲೂ ಯೂಟ್ಯೂಬ್ ಇರುತ್ತದೆ. ಒಂದೇ ಕಂಪನಿಯನ್ನು ನೆಚ್ಚಿಕೊಂಡು ನಿಮ್ಮ ಹತ್ತಿರ ಫೈಲ್ ಇಟ್ಟುಕೊಳ್ಳದೆ ಇರಬೇಡಿ. ಗೂಗಲ್ ಪಾಡ್‌ಕಾಸ್ಟ್ಸ್ ಅಷ್ಟು ದೊಡ್ಡದಾಗಿದ್ದೂ 2024ರಲ್ಲಿ ಮುಚ್ಚಿತು.

ಇಷ್ಟೆಲ್ಲ ಮಾಡಿದರೂ ನಿಮ್ಮ ಕೇಳುಗರು ಹೆಚ್ಚಾಗಿ ಸಿಗುವುದು ವಾಟ್ಸಾಪಿನಲ್ಲೇ. ಲಿಂಕ್ ಕಳಿಸಿದರೆ ಒತ್ತುವವರು ಕಡಿಮೆ, ಆಡಿಯೊ ಫೈಲನ್ನೇ ಕಳಿಸಿ. ಆದರೆ ಫೈಲ್ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ನೀವು ಬರೆದ ವಿವರ ಬಿಟ್ಟುಹೋಗುತ್ತದೆ. ಹಾಗಾಗಿ ಪಾಡ್‌ಕಾಸ್ಟಿನ ಹೆಸರು, ಎಪಿಸೋಡಿನ ವಿಷಯ, ರೆಕಾರ್ಡ್ ಮಾಡಿದ ತಿಂಗಳು, ವರ್ಷ ಎಲ್ಲವನ್ನೂ ಮೊದಲ ಹದಿನೈದು ಸೆಕೆಂಡಿನಲ್ಲಿ ಬಾಯಲ್ಲೇ ಹೇಳಿ. ಕೊನೆಯಲ್ಲಿ ಮತ್ತೊಮ್ಮೆ ಹೇಳಿ.

ಕಳಿಸುವ ಹೊತ್ತೂ ಮುಖ್ಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕೋಲಾರದಿಂದ ಬೆಂಗಳೂರಿಗೆ ಮಾಲು ತರಲು, ಮಾರಲು ಸರ್ಕಾರಿ ಬಸ್ಸಿನಲ್ಲಿ ಹೋಗಿಬರುವುದು ಹೆಂಗಸರಿಗೆ ಸಲೀಸಾಗಿದೆ. ಒಂದು ಬಸ್ ಪ್ರಯಾಣದಲ್ಲಿ ನಿಮ್ಮ ಮೂರು ಎಪಿಸೋಡ್ ಕೇಳಬಹುದು. ಸಂಜೆ ಕಳಿಸಿದರೆ ಬೆಳಗ್ಗೆ ಬಸ್ ಹತ್ತುವವರ ಫೋನಿನಲ್ಲಿ ಅದು ಇಳಿದಿರುತ್ತದೆ. ಫೋನ್ ಇಲ್ಲದವರಿಗೆ ಸಂಘದ ಸಭೆಯಲ್ಲಿ ಸಣ್ಣ ಬ್ಲೂಟೂತ್ ಸ್ಪೀಕರ್ ಇಟ್ಟು ಕೇಳಿಸಿ.

ಸರ್ಕಾರದ ಯೋಜನೆಗಳ ಎಪಿಸೋಡ್

ಇದನ್ನು ಎಲ್ಲರೂ ಕೇಳುತ್ತಾರೆ, ಮಾಡಲೂ ಬೇಕು. ಆದರೆ ಕೇಳಿದ ಮಾತನ್ನು ಹೇಳಬೇಡಿ. ಜಿಲ್ಲಾ ಕೈಗಾರಿಕಾ ಕೇಂದ್ರದವರನ್ನೋ ಬ್ಯಾಂಕಿನವರನ್ನೋ ಕೂರಿಸಿಕೊಂಡು ಅವರ ಬಾಯಲ್ಲೇ ಹೇಳಿಸಿ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಬ್ಯಾಂಕಿನ ಮೂಲಕ 3 ಲಕ್ಷದವರೆಗೆ ಸಾಲ, ಅದರಲ್ಲಿ ಒಂದು ಭಾಗ ಸಹಾಯಧನ. ಕೇಂದ್ರದ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ಸಣ್ಣ ಸಾಲ 50,000ದವರೆಗೆ. ಆಹಾರ ತಯಾರಿಸುವವರಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂತು. ಅದರಲ್ಲಿ ಕೋಲಾರ ಜಿಲ್ಲೆಗೆ ಆರಿಸಿದ ಉತ್ಪನ್ನ ಟೊಮೆಟೊ. ಇಂಥ ಯೋಜನೆಗಳಿಗೆ ಅವಧಿ ಇರುತ್ತದೆ, ಷರತ್ತು ಬದಲಾಗುತ್ತದೆ. ಅದಕ್ಕೇ ತಿಂಗಳು, ವರ್ಷ ಹೇಳಿ ಎಂದದ್ದು. ಹಳೆಯದಾದ ಎಪಿಸೋಡನ್ನು ತೆಗೆದು ಹೊಸದು ಹಾಕಿ.

ಒಂದು ಮಾತನ್ನು ಮಾತ್ರ ಪ್ರತಿ ಸಲ ಹೇಳಿ. ಸಣ್ಣ ವ್ಯಾಪಾರವನ್ನು ಸರ್ಕಾರದಲ್ಲಿ ದಾಖಲು ಮಾಡಿಸುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತಗೊಳ್ಳುವುದಿಲ್ಲ. ಆಧಾರ್, ಪ್ಯಾನ್ ಇದ್ದರೆ ಫೋನಿನಲ್ಲೇ ಆಗುತ್ತದೆ. ನೋಂದಣಿ ಶುಲ್ಕ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಕಿಲ್ಲ. ಈ ಒಂದು ವಾಕ್ಯದಿಂದ ಎಷ್ಟು ಜನರ ದುಡ್ಡು ಉಳಿಯುತ್ತದೆ ಎಂದು ಯೋಚಿಸಿ.

ಜಾಹೀರಾತು ಕೇಳಿಕೊಂಡು ಬರುವವರೂ ಇರುತ್ತಾರೆ. ಹೊಲಿಗೆ ಸಾಮಾನಿನ ಅಂಗಡಿ, ಪ್ಯಾಕಿಂಗ್ ಕವರ್ ಮಾರುವವರು ಬಂದರೆ ಒಪ್ಪಿಕೊಳ್ಳಿ, ಇದು ಜಾಹೀರಾತು ಎಂದು ಬಾಯಿಬಿಟ್ಟು ಹೇಳಿ. ಸಾಲದ ಆಪ್, ದುಡ್ಡು ದುಪ್ಪಟ್ಟು ಮಾಡುವ ಸ್ಕೀಮಿನವರು ಎಷ್ಟು ಕೊಟ್ಟರೂ ಬೇಡ.

ಕೇಳಿದವರು ಉತ್ತರಿಸಿದಾಗ

ಪಾಡ್‌ಕಾಸ್ಟಿಗೆ ಒಂದು ಬೇರೆ ಸಿಮ್ ತಗೊಳ್ಳಿ. ನಿಮ್ಮ ಸ್ವಂತ ನಂಬರನ್ನಾಗಲಿ ಅತಿಥಿಗಳ ನಂಬರನ್ನಾಗಲಿ ಯಾವತ್ತೂ ಹೇಳಬೇಡಿ. ಹೆಂಗಸಿನ ದನಿ ಮತ್ತು ನಂಬರ್ ಎರಡೂ ಸಿಕ್ಕರೆ ರಾತ್ರಿ ಹೊತ್ತು ಕರೆ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಆ ಸಿಮ್‌ಗೆ ಕರೆ ಬೇಡ, ವಾಯ್ಸ್ ನೋಟ್ ಮಾತ್ರ ಕಳಿಸಿ ಎಂದು ಹೇಳಿ. ಯಾರಾದರೂ ಕಿರುಕುಳ ಕೊಟ್ಟರೆ ಮಹಿಳಾ ಸಹಾಯವಾಣಿ 181 ಇದೆ. ಆನ್‌ಲೈನ್‌ನಲ್ಲಿ ದುಡ್ಡು ಮೋಸ ಹೋದರೆ 1930.

ಉಪ್ಪಿನಕಾಯಿ ಬೇಕು ಎಂದು ಯಾರಾದರೂ ಕೇಳಿದರೆ ನಂಬರ್ ಕೊಡುವ ಬದಲು ಮಾರುವವರಿಗೆ ವಿಷಯ ತಿಳಿಸಿ. ಬೇಕಾದರೆ ಅವರೇ ಮಾತಾಡಲಿ.

ಬಂದ ವಾಯ್ಸ್ ನೋಟುಗಳಲ್ಲಿ ಹೊಗಳಿಕೆ ಬಿಟ್ಟು ಪ್ರಶ್ನೆಗಳನ್ನು ಆರಿಸಿ ಬರೆದಿಟ್ಟುಕೊಳ್ಳಿ. ‘ಅಕ್ಕ, ಅವರು ಹೇಳಿದ ಕವರ್ ನಮ್ಮೂರಲ್ಲಿ ಸಿಗ್ತಿಲ್ಲ, ಬೇರೆ ಯಾವುದು ತರಲಿ?’ ಎಂದು ಮಾಲೂರಿನಿಂದ ಬಂದ ಪ್ರಶ್ನೆಯನ್ನು ಮುಂದಿನ ಸಲ ಮುಳಬಾಗಿಲಿನವರಿಗೆ ಕೇಳಿಸಿ, ಅವರ ಉತ್ತರವನ್ನು ಅಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಪ್ರಶ್ನೆ ಕಳಿಸಿದವರ ಒಪ್ಪಿಗೆ ಕೇಳಿಯೇ ಅವರ ದನಿ ಬಳಸಿ. ವರ್ಷ ಕಳೆದ ಮೇಲೂ ಯಾರಾದರೂ ‘ನನ್ನ ಎಪಿಸೋಡ್ ತೆಗೆದುಬಿಡಿ’ ಅಂದರೆ ಕಾರಣ ಕೇಳದೆ ಅಂದೇ ತೆಗೆಯಿರಿ. ವಾಟ್ಸಾಪಿನಲ್ಲಿ ಆಗಲೇ ಹಂಚಿಹೋಗಿರುವುದನ್ನು ವಾಪಸ್ ತರಲು ಆಗುವುದಿಲ್ಲ ಎಂಬುದನ್ನು ಮಾತ್ರ ರೆಕಾರ್ಡ್ ಮಾಡುವ ಮೊದಲೇ ಅವರಿಗೆ ತಿಳಿಸಿರಿ.